31 ಅಂಕಿಯ ಒಂದು ಸಾಲು: ಫ್ಲಾಟ್ ಫೈಲಿನಿಂದ ಆಬ್ಜೆಕ್ಟಿಗೆ, ಮತ್ತೆ ಫೈಲಿಗೆ

(ಕೋಲಾರದಲ್ಲಿ ಪದವಿ ವಿದ್ಯಾರ್ಥಿಗಳಿಗೂ ಹಾಲಿನ ಸಂಘಗಳ ಲೆಕ್ಕ ನೋಡಿಕೊಳ್ಳುವವರಿಗೂ ಮಾಡಿದ ಉಪನ್ಯಾಸದ ಬರಹ ರೂಪ)

ಬೋರ್ಡಿನ ಮೇಲಿರುವ ಈ ಸಾಲನ್ನು ಒಂದು ನಿಮಿಷ ನೋಡಿ.

2004720240307100825042085028463

ಒಟ್ಟು 31 ಅಂಕಿ. ನಡುವೆ ಜಾಗವಿಲ್ಲ, ಚುಕ್ಕೆಯಿಲ್ಲ. ಇವತ್ತಿನ ಮಾತಿಗೆಂದೇ ಮಾಡಿಕೊಂಡ ಮಾದರಿ ಇದು. ಡೇರಿಗೆ ಒಬ್ಬರು ಒಂದು ಹೊತ್ತು ಹಾಕಿದ ಹಾಲಿನ ಲೆಕ್ಕ. ಮೊದಲ 2 ಅಂದರೆ ವಿವರದ ರೆಕಾರ್ಡ್. ಮುಂದಿನ ನಾಲ್ಕು, 0047, ಸದಸ್ಯರ ನಂಬರು. 20240307 ಅಂದರೆ 2024ರ ಮಾರ್ಚ್ 7. ಪಕ್ಕದ 1 ಬೆಳಗಿನ ಹಾಲು. ಸಂಜೆಯದಾಗಿದ್ದರೆ 2 ಇರುತ್ತಿತ್ತು. 00825 ಅಂದರೆ 8.25 ಲೀಟರ್. 042 ಫ್ಯಾಟ್ 4.2, 085 ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) 8.5. ಕೊನೆಯ ಆರು ಅಂಕಿ ಪೈಸೆಯ ಲೆಕ್ಕದಲ್ಲಿ ಮೊತ್ತ: 284 ರೂಪಾಯಿ 63 ಪೈಸೆ.

ಈಗ ಹೇಳಿ, ನಾನು ಹೇಳಿದ ಅರ್ಥ ಆ ಸಾಲಿನಲ್ಲಿ ಎಲ್ಲಿದೆ? ಎಲ್ಲೂ ಇಲ್ಲ. ಯಾವ ಕಾಲಂನಿಂದ ಯಾವ ಕಾಲಂವರೆಗೆ ಏನಿದೆ ಎಂದು ಬರೆದಿಟ್ಟ ಬೇರೊಂದು ಕಾಗದದಲ್ಲಿದೆ. ಅದನ್ನು ಲೇಔಟ್ ಅನ್ನುತ್ತೇವೆ. ಹೀಗೆ ಬರೀ ಸಾಲುಗಳಿರುವ ಫೈಲೇ ಫ್ಲಾಟ್ ಫೈಲ್. ಆಬ್ಜೆಕ್ಟ್ ಅಂದರೆ ಪ್ರೋಗ್ರಾಮಿನೊಳಗೆ ಅದೇ ಮಾಹಿತಿ, ಒಂದೊಂದು ವಿವರಕ್ಕೂ ಹೆಸರಿಟ್ಟ ಒಂದು ಫೀಲ್ಡಿನಲ್ಲಿ. ಫೈಲನ್ನು ಓದಿ ಆಬ್ಜೆಕ್ಟ್ ಮಾಡುವುದು ಅಂದರೆ ಆ ಕಾಗದದಲ್ಲಿರುವ ಅರ್ಥವನ್ನು ಸಾಲಿಗೆ ತುಂಬುವುದು. ಆಬ್ಜೆಕ್ಟನ್ನು ಮತ್ತೆ ಫೈಲಿಗೆ ಬರೆಯುವುದು ಅಂದರೆ ಅರ್ಥವನ್ನು ಕಳಚಿ ಅಂಕಿ ಮಾತ್ರ ಉಳಿಸುವುದು. ಓದುವ ಕೋಡನ್ನು ಒಬ್ಬರು, ಬರೆಯುವ ಕೋಡನ್ನು ಇನ್ನೊಬ್ಬರು ಬೇರೆಬೇರೆಯಾಗಿ ಬರೆದರೆ ಅರ್ಥ ಎರಡಾಗುತ್ತದೆ. ಆ ಕಾಗದ ಕೋಡಿನಲ್ಲಿ ಒಂದೇ ಕಡೆ ಇರಬೇಕು, ಎರಡೂ ದಿಕ್ಕಿಗೆ ಅದೇ ಬಳಕೆಯಾಗಬೇಕು. ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಮೊದಲು ಕತ್ತರಿಸುವ ಕೆಲಸ. ಲೇಔಟ್ ಬರೆಯುವವರು ಕಾಲಂಗಳನ್ನು 1ರಿಂದ ಎಣಿಸುತ್ತಾರೆ, ಕೊನೆಯದನ್ನೂ ಸೇರಿಸುತ್ತಾರೆ. ನಮ್ಮ ಮಾದರಿಯಲ್ಲಿ ತಾರೀಖು 6ರಿಂದ 13. ಪೈಥಾನ್, ಜಾವಾದಂಥ ಪ್ರೋಗ್ರಾಮಿಂಗ್ ಭಾಷೆಗಳು 0ಯಿಂದ ಎಣಿಸುತ್ತವೆ, ಕೊನೆಯದನ್ನು ಬಿಡುತ್ತವೆ. ಹಾಗಾಗಿ ಕೋಡಿನಲ್ಲಿ ಅದು 5ರಿಂದ 13. ಶುರು ಒಂದು ಕಡಿಮೆಯಾಗುತ್ತದೆ, ಕೊನೆ ಹಾಗೇ ಉಳಿಯುತ್ತದೆ. ಇಲ್ಲಿ ಒಂದು ಕಾಲಂ ಜಾರಿದರೆ ಏನಾಗುತ್ತದೆ ಎಂದು ಲೀಟರ್ ಫೀಲ್ಡಿನಲ್ಲಿ ನೋಡಿ. 15ರಿಂದ 19ರ ಬದಲು 16ರಿಂದ 20 ತೆಗೆದುಕೊಂಡರೆ ಕೈಗೆ ಬರುವುದು 08250, ಅಂದರೆ 82.50 ಲೀಟರ್. ಅದೂ ಸರಿಯಾದ ಸಂಖ್ಯೆಯೇ. ಪ್ರೋಗ್ರಾಮ್ ಯಾವ ದೂರೂ ಹೇಳುವುದಿಲ್ಲ. ಎಂಟು ಲೀಟರ್ ಹಾಕಿದವರ ಪಾಸ್‌ಬುಕ್ಕಿನಲ್ಲಿ ಎಂಬತ್ತೆರಡೂವರೆ ಲೀಟರ್ ಬೀಳುತ್ತದೆ. ಆದ್ದರಿಂದ ಶುರು ಮತ್ತು ಕೊನೆಯ ಕಾಲಂಗಳನ್ನು ಕೈಯಲ್ಲಿ ಎಣಿಸಿ ಬರೆಯಬೇಡಿ. ಫೀಲ್ಡುಗಳ ಅಗಲವನ್ನು ಮಾತ್ರ ಸಾಲಾಗಿ ಕೊಡಿ: 1, 4, 8, 1, 5, 3, 3, 6. ಶುರು-ಕೊನೆಯನ್ನು ಪ್ರೋಗ್ರಾಮೇ ಕೂಡಿಕೊಳ್ಳಲಿ. ಎಲ್ಲ ಅಗಲ ಸೇರಿ 31 ಆಗುತ್ತದೆಯೇ ಎಂದು ಪ್ರೋಗ್ರಾಮ್ ಏಳುವಾಗಲೇ ನೋಡಿ, ಪ್ರತಿ ಸಾಲಿನ ಉದ್ದವನ್ನೂ ನೋಡಿ. ವಿಂಡೋಸಿನಿಂದ ಬಂದ ಫೈಲಿನಲ್ಲಿ ಸಾಲಿನ ತುದಿಗೆ ಎರಡು ಗುರುತು, ಲಿನಕ್ಸಿನದರಲ್ಲಿ ಒಂದು. ಅದನ್ನು ತೆಗೆಯದೆ ಎಣಿಸಿದರೆ 32, 33 ಬರುತ್ತದೆ. ತೆಗೆಯುವಾಗ ಆ ಗುರುತನ್ನು ಮಾತ್ರ ತೆಗೆಯಿರಿ. ಬಲಗಡೆಯ ಖಾಲಿ ಜಾಗವನ್ನೆಲ್ಲ ಸವರಿಹಾಕುವ ಫಂಕ್ಷನ್ ಬಳಸಿದರೆ, ಕೊನೆಯ ಫೀಲ್ಡ್ ಖಾಲಿಯಿರುವ ಸಾಲುಗಳು ಗಿಡ್ಡವಾಗಿಬಿಡುತ್ತವೆ.

ಇನ್ನು ಟೈಪ್, ಅಂದರೆ ಫೀಲ್ಡಿನಲ್ಲಿರುವುದು ಸಂಖ್ಯೆಯೋ ಪಠ್ಯವೋ ತಾರೀಖೋ ಎಂಬುದು. 0047 ನೋಡಲು ಸಂಖ್ಯೆ, ಕೆಲಸದಲ್ಲಿ ಹೆಸರು. ಅದನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ. ಸಂಖ್ಯೆ ಮಾಡಿಕೊಂಡರೆ 47 ಆಗುತ್ತದೆ, ಮುಂದಿನ ಸೊನ್ನೆಗಳು ಹೋಗುತ್ತವೆ, ವಾಪಸ್ ಬರೆಯುವಾಗ ಎಷ್ಟು ಸೊನ್ನೆ ಇತ್ತು ಎಂಬ ನೆನಪು ಆಬ್ಜೆಕ್ಟಿಗೆ ಇರುವುದಿಲ್ಲ. ಸದಸ್ಯರ ನಂಬರು, ಪಿನ್‌ಕೋಡ್, ಬ್ಯಾಂಕ್ ಖಾತೆ, ಫೋನ್ ನಂಬರು ಎಲ್ಲವೂ ಸ್ಟ್ರಿಂಗ್ (ಬರೀ ಪಠ್ಯ) ಆಗಿಯೇ ಇರಲಿ.

ತಾರೀಖಿನಲ್ಲಿ ಎರಡು ಕಡೆ ಎಚ್ಚರ ಬೇಕು. ಜಾವಾದಲ್ಲಿ ತಾರೀಖು ಓದಿ ಬರೆಯುವ ಹಳೆಯ ಸಿಂಪಲ್‌ಡೇಟ್‌ಫಾರ್ಮ್ಯಾಟ್ ಹುಟ್ಟಿನಿಂದಲೇ ಉದಾರಿ. 20240231 ಕೊಟ್ಟರೆ ತಪ್ಪು ಅನ್ನುವುದಿಲ್ಲ, ಸದ್ದಿಲ್ಲದೆ ಮಾರ್ಚ್ 2 ಮಾಡಿಕೊಡುತ್ತದೆ. ಅದರ ಈ ಉದಾರ (ಲೀನಿಯಂಟ್) ಗುಣವನ್ನು ಆಫ್ ಮಾಡಿ. ಎರಡನೆಯದು, ತಾರೀಖಿನ ಮಾದರಿ ಕೊಡುವಾಗ ವರ್ಷಕ್ಕೆ ಸಣ್ಣಕ್ಷರದ ವೈ ಬದಲು ದೊಡ್ಡಕ್ಷರದ ವೈ ಬರೆಯುವುದು. ದೊಡ್ಡಕ್ಷರ ಹೇಳುವುದು ವಾರದ ಲೆಕ್ಕದ ವರ್ಷವನ್ನು. ವರ್ಷವಿಡೀ ಸರಿಯಾಗಿ ಕಂಡು, 2024ರ ಡಿಸೆಂಬರ್ 31 ಬಂದಾಗ 2025 ಎಂದು ಬರೆದುಬಿಡುತ್ತದೆ. ಮಾರ್ಚಿನಲ್ಲಿ ಮಾಡಿದ ಪರೀಕ್ಷೆಗೆ ಈ ತಪ್ಪು ಸಿಗುವುದೇ ಇಲ್ಲ.

ಮೊತ್ತದ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡುತ್ತೇನೆ, ಏಕೆಂದರೆ ಜಗಳ ಬರುವುದು ಇಲ್ಲೇ. ಲೀಟರಿಗೆ 34 ರೂಪಾಯಿ 50 ಪೈಸೆ ದರ ಎಂದಿಟ್ಟುಕೊಳ್ಳಿ. 8.25 ಲೀಟರಿಗೆ 284.625 ರೂಪಾಯಿ. ಆ ಅರ್ಧ ಪೈಸೆ ಯಾವ ಕಡೆಗೆ? ಪೈಥಾನಿನ ರೌಂಡ್ ಫಂಕ್ಷನ್ 284.62 ಅನ್ನುತ್ತದೆ, ಸರಿಯಾಗಿ ಮಧ್ಯದಲ್ಲಿದ್ದರೆ ಸಮಸಂಖ್ಯೆಯ ಕಡೆಗೆ ಹೋಗುವುದು ಅದರ ನಿಯಮ. ಜಾವಾದ ದಶಮಾಂಶ ಟೈಪ್ ಬಿಗ್‌ಡೆಸಿಮಲ್‌ಗೆ ಹಾಫ್‌ಅಪ್ (ಅರ್ಧ ಬಂದರೆ ಮೇಲಕ್ಕೆ) ಹೇಳಿದರೆ 284.63. ನಮ್ಮ ಸಾಲಿನಲ್ಲಿರುವುದು 63. ಎರಡೂ ನಿಯಮ ತಪ್ಪಲ್ಲ. ಆದರೆ ಡೇರಿಯ ಯಂತ್ರ ಒಂದನ್ನು, ನಿಮ್ಮ ಪ್ರೋಗ್ರಾಮ್ ಇನ್ನೊಂದನ್ನು ಹಿಡಿದರೆ ಒಂದು ಸಾಲಿಗೆ ಒಂದು ಪೈಸೆ ವ್ಯತ್ಯಾಸ ಬಂದು, ಫೈಲಿನ ಕೊನೆಯ ಒಟ್ಟು ಮೊತ್ತ ತಾಳೆಯಾಗುವುದಿಲ್ಲ. ಲೇಔಟ್ ಕಾಗದದಲ್ಲಿ ಈ ನಿಯಮಕ್ಕೂ ಒಂದು ಸಾಲು ಇರಲಿ. ಫ್ಲೋಟ್ ಎಂಬ ಅಂದಾಜಿನ ದಶಮಾಂಶ ಟೈಪಿನಲ್ಲಿ ದುಡ್ಡು ಇಡಬೇಡಿ, 0.1ಕ್ಕೆ 0.2 ಕೂಡಿದರೆ ಅದು 0.30000000000000004 ಅನ್ನುವ ಜಾತಿ. ಪೈಸೆಯನ್ನು ಪೂರ್ಣಾಂಕವಾಗಿಡಿ, ಇಲ್ಲವೇ ಡೆಸಿಮಲ್ ಟೈಪ್ ಬಳಸಿ. ಯಂತ್ರದಿಂದ ಬಂದ ಮೊತ್ತವನ್ನು ನೀವು ಮತ್ತೆ ಲೆಕ್ಕ ಹಾಕಿ ಬದಲಿಸಬೇಡಿ. ಹೋಲಿಸಿ ನೋಡಿ, ಬೇರೆಯಾಗಿದ್ದರೆ ಬರೆದಿಡಿ.

ಚುಕ್ಕೆಯನ್ನು ಬರೆಯದೆ ನೆನಪಿನಲ್ಲಿಡುವ ಈ ಪದ್ಧತಿ ಎಲ್ಲಿಂದ ಬಂತು ಎಂದು ಕೆಲವರ ಮುಖದಲ್ಲಿ ಪ್ರಶ್ನೆ ಕಾಣುತ್ತಿದೆ. ಸ್ವಲ್ಪ ಪಕ್ಕದ ದಾರಿ ಹಿಡಿಯೋಣ. ಐಬಿಎಂ 1928ರಲ್ಲಿ ತಂದ ತೂತಿನ ಕಾರ್ಡಿನಲ್ಲಿ ಇದ್ದದ್ದು 80 ಕಾಲಂ. ಒಂದು ಕಾರ್ಡ್ ಒಂದು ರೆಕಾರ್ಡ್. ಚುಕ್ಕೆಗೂ ಒಂದು ಕಾಲಂ ಕೊಟ್ಟರೆ ಜಾಗ ಸಾಲುತ್ತಿರಲಿಲ್ಲ. 1959ರಲ್ಲಿ ಕೆಲಸ ಶುರುವಾದ ಕೋಬಾಲ್ ಭಾಷೆ ಈ ಇಲ್ಲದ ಚುಕ್ಕೆಗೆ ಲೇಔಟಿನಲ್ಲಿ ‘ವಿ’ ಅಕ್ಷರ ಕೊಟ್ಟಿತು. ಋಣ ಚಿಹ್ನೆಗೂ ಹಾಗೇ ಜಾಗ ಉಳಿಸಿದರು. ಕೊನೆಯ ಅಂಕಿಯ ಬದಲು ಒಂದು ಇಂಗ್ಲಿಷ್ ಅಕ್ಷರ: 1ಕ್ಕೆ ಜೆ, 2ಕ್ಕೆ ಕೆ, 3ಕ್ಕೆ ಎಲ್, ಹೀಗೆ 9ಕ್ಕೆ ಆರ್‌ವರೆಗೆ. 12ರ ಮುಂದೆ ಎಲ್ ಕಂಡರೆ ಅದು ಋಣ 123. ಹಳೆಯ ವ್ಯವಸ್ಥೆಯಿಂದ ಬಂದ ಫೈಲಿನಲ್ಲಿ ಹಿಂಡಿ-ಬೂಸಾ ಬಾಕಿ ಮುರಿದುಕೊಂಡ ಮೊತ್ತದ ತುದಿಯಲ್ಲಿ ಅಕ್ಷರ ಸಿಕ್ಕರೆ ಫೈಲ್ ಕೆಟ್ಟಿದೆ ಎಂದು ಎಸೆಯಬೇಡಿ.

ಈಗ ಖಾಲಿ ಫೀಲ್ಡ್. ಫ್ಯಾಟ್ ಅಳೆಯುವ ಯಂತ್ರ ಆ ಹೊತ್ತು ಕೆಟ್ಟಿತ್ತು, ಮೂರು ಕಾಲಂ ಖಾಲಿ ಬಂದಿದೆ. ಇದು 000 ಅಲ್ಲ. ಸೊನ್ನೆ ಫ್ಯಾಟ್ ಅಂದರೆ ನೀರು. ಖಾಲಿ ಅಂದರೆ ಅಳೆದಿಲ್ಲ. ಆಬ್ಜೆಕ್ಟಿನಲ್ಲಿ ಫ್ಯಾಟಿಗೆ ಬರೀ ಪೂರ್ಣಾಂಕದ ಟೈಪ್ ಕೊಟ್ಟರೆ ಅಳೆಯದ್ದೂ ಸೊನ್ನೆಯಾಗಿ ಕೂರುತ್ತದೆ, ವಾಪಸ್ ಬರೆದಾಗ 000 ಆಗಿ ಹೋಗುತ್ತದೆ, ಸದಸ್ಯರಿಗೆ ದರವೇ ಸಿಗುವುದಿಲ್ಲ. ‘ಇಲ್ಲ’ ಎಂದು ಹೇಳಬಲ್ಲ ಟೈಪ್ ಬೇಕು: ಪೈಥಾನಿನಲ್ಲಿ ನನ್, ಜಾವಾದಲ್ಲಿ ನಲ್ ಇರಬಹುದಾದ ಇಂಟಿಜರ್.

ಕನ್ನಡ ಹೆಸರು ಬಂದಾಗ ಕಾಲಂ ಎಂಬ ಮಾತಿಗೇ ಅರ್ಥ ಬದಲಾಗುತ್ತದೆ. ಲೇಔಟಿನಲ್ಲಿ ‘ಹೆಸರು, 20’ ಎಂದಿದೆ. ವೆಂಕಟಲಕ್ಷ್ಮಮ್ಮ ಎಂದು ಬರೆಯಿರಿ. ಕಣ್ಣಿಗೆ ಕಾಣುವುದು ಆರು ಅಕ್ಷರ: ವೆಂ, ಕ, ಟ, ಲ, ಕ್ಷ್ಮ, ಮ್ಮ. ಯೂನಿಕೋಡ್ (ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಪದ್ಧತಿ) ಸಂಕೇತಗಳನ್ನು ಎಣಿಸಿದರೆ 14. ಎತ್ವ, ಸೊನ್ನೆ, ಒಂದೊಂದು ಹಲಂತ ಎಲ್ಲವೂ ಬೇರೆಬೇರೆ. ಆ ಸಂಕೇತಗಳನ್ನು ಫೈಲಿನಲ್ಲಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್, ಹಾಗಾಗಿ 42 ಬೈಟ್. ಆ 20 ಈ ಮೂರರಲ್ಲಿ ಯಾವುದು? ಬೈಟ್ ಎಂದು ಹಿಡಿದು ಕತ್ತರಿಸಿದರೆ 18 ಬೈಟಿಗೆ ‘ವೆಂಕಟಲ’ ಮುಗಿದು, ಉಳಿದ ಎರಡು ಬೈಟಿನಲ್ಲಿ ಮುಂದಿನ ‘ಕ’ ಅರ್ಧ ತುಂಡಾಗುತ್ತದೆ. ಓದುವವರಿಗೆ ಪ್ರಶ್ನಾರ್ಥಕದ ಡಬ್ಬಿ ಕಾಣುತ್ತದೆ. ಸಂಕೇತ ಎಂದು ಹಿಡಿದರೂ ಉದ್ದದ ಹೆಸರು ಹಲಂತದ ಮೇಲೆ ತುಂಡಾಗಬಹುದು. ನನ್ನ ಅಭಿಪ್ರಾಯ ಕೇಳಿದರೆ, ಕನ್ನಡ ಪಠ್ಯವನ್ನು ನಿಗದಿತ ಅಗಲದ ಫೈಲಿಗೆ ಹಾಕಲೇಬೇಡಿ. ಅಲ್ಲಿ ನಂಬರು ಇರಲಿ, ಹೆಸರು ನಂಬರಿನೊಂದಿಗೆ ಬೇರೆ ಸಿಎಸ್‌ವಿ (ಫೀಲ್ಡುಗಳ ನಡುವೆ ಕಾಮಾ ಇರುವ) ಫೈಲಿನಲ್ಲಿ ಹೋಗಲಿ. ಹಾಕಲೇಬೇಕಾದರೆ ಅಗಲ ಬೈಟಿನಲ್ಲಿ ಎಂದು ಬರೆದಿಟ್ಟು, ಪೂರ್ತಿ ಅಕ್ಷರದ ಗಡಿಯಲ್ಲೇ ನಿಲ್ಲಿಸಿ, ಉಳಿದ ಬೈಟುಗಳಿಗೆ ಖಾಲಿ ಜಾಗ ತುಂಬಿ.

ಇನ್ನೊಂದು ಸೂಕ್ಷ್ಮವಿದೆ. ‘ಕೋಲಾರ’ ಎಂಬ ನಮ್ಮ ಊರಿನ ಹೆಸರನ್ನೇ ಎರಡು ರೀತಿ ಬರೆಯಬಹುದು. ‘ಕೋ’ದ ಓತ್ವಕ್ಕೆ ಒಂದೇ ಸಂಕೇತ ಬಳಸಿದರೆ ಒಟ್ಟು ಐದು ಸಂಕೇತ, 15 ಬೈಟ್. ಅದೇ ಓತ್ವವನ್ನು ಎತ್ವ, ಊತ್ವ, ದೀರ್ಘ ಚಿಹ್ನೆ ಎಂದು ಮೂರಾಗಿ ಬಿಡಿಸಿದರೆ ಏಳು ಸಂಕೇತ, 21 ಬೈಟ್. ಪರದೆಯ ಮೇಲೆ ಎರಡೂ ಒಂದೇ. ಪ್ರೋಗ್ರಾಮಿಗೆ ಎರಡು ಬೇರೆ ಊರು. ತಾಲ್ಲೂಕಿನ ಪಟ್ಟಿ ತೆಗೆದರೆ ಕೋಲಾರ ಎರಡು ಸಲ ಬರುತ್ತದೆ. ಓದಿದ ಕೂಡಲೇ ಎನ್‌ಎಫ್‌ಸಿ (ಬಿಡಿಸಿದ್ದನ್ನು ಕೂಡಿಸಿದ) ರೂಪಕ್ಕೆ ತಂದುಬಿಡಿ, ಪೈಥಾನಿನ ಯೂನಿಕೋಡ್‌ಡೇಟಾ ಮಾಡ್ಯೂಲಿನಲ್ಲಿ ಅದು ಒಂದು ಸಾಲಿನ ಕೆಲಸ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲಾದರೆ ಅದು ಯೂನಿಕೋಡೇ ಅಲ್ಲ, ಮೊದಲು ಪರಿವರ್ತಕದಲ್ಲಿ ಹಾಯಿಸಿ ಆಮೇಲೆ ಓದಿ. ಫೈಲ್ ತೆರೆಯುವಾಗ ಎನ್‌ಕೋಡಿಂಗ್ (ಅಕ್ಷರವನ್ನು ಬೈಟ್ ಮಾಡುವ ಪದ್ಧತಿ) ಹೆಸರನ್ನು ಯಾವಾಗಲೂ ಬಾಯಿಬಿಟ್ಟು ಹೇಳಿ. ಜಾವಾ 2022ರ 18ನೇ ಆವೃತ್ತಿಯಿಂದ ಯುಟಿಎಫ್-8 ಅನ್ನು ತಾನೇ ಹಿಡಿಯುತ್ತದೆ, ಅದಕ್ಕೂ ಹಿಂದಿನದು ಯಂತ್ರ ಇದ್ದಂತೆ ನಡೆಯುತ್ತಿತ್ತು.

ಸಿಎಸ್‌ವಿ ಸುಲಭ, ಕಾಮಾ ಇದ್ದಲ್ಲಿ ಕತ್ತರಿಸಿದರೆ ಆಯಿತು ಎಂಬ ಭಾವನೆ ಬಹಳ ಜನಕ್ಕಿದೆ. ‘ಡೂಂ ಲೈಟ್ ಸರ್ಕಲ್ ಹತ್ತಿರ, ಕೋಲಾರ’ ಎಂಬ ವಿಳಾಸ ಬಂದ ದಿನ ಅದು ಮುರಿಯುತ್ತದೆ. 1,25,000 ಎಂದು ಬರೆದ ಮೊತ್ತ ಮೂರು ಕಾಲಂ ಆಗುತ್ತದೆ. ಸಿಎಸ್‌ವಿಯ ನಡೆಯನ್ನು 2005ರಲ್ಲಿ ಆರ್‌ಎಫ್‌ಸಿ 4180 ಎಂಬ ಇಂಟರ್ನೆಟ್ ದಾಖಲೆ ಬರೆದಿಟ್ಟಿತು: ಒಳಗೆ ಕಾಮಾ, ಡಬಲ್ ಕೋಟ್ ಅಥವಾ ಸಾಲು ಮುರಿತ ಇದ್ದರೆ ಫೀಲ್ಡನ್ನು ಡಬಲ್ ಕೋಟಿನಲ್ಲಿ ಸುತ್ತಬೇಕು, ಒಳಗಿನ ಡಬಲ್ ಕೋಟನ್ನು ಎರಡು ಸಲ ಬರೆಯಬೇಕು. ಹನಿ ನೀರಾವರಿ ಅಂಗಡಿಯ ಪಟ್ಟಿಯಲ್ಲಿ ಎರಡು ಇಂಚಿನ ಪಿವಿಸಿ ಪೈಪಿದೆ ಎಂದುಕೊಳ್ಳಿ. ಇಂಚಿನ ಗುರುತೂ ಡಬಲ್ ಕೋಟೇ. ಅದು ಫೈಲಿನಲ್ಲಿ ಇರಬೇಕಾದದ್ದು ಹೀಗೆ:

118,"2"" ಪಿವಿಸಿ ಪೈಪ್, 6 ಮೀಟರ್",40

ಇದನ್ನು ಕೈಯಲ್ಲಿ ಕತ್ತರಿಸುವ ಕೋಡು ಬರೆಯಬೇಡಿ. ಪ್ರತಿ ಭಾಷೆಯಲ್ಲೂ ಇದಕ್ಕೆ ಪಳಗಿದ ಲೈಬ್ರರಿ (ಸಿದ್ಧ ಕೋಡು) ಇದೆ. ಪೈಥಾನಿನ ಸಿಎಸ್‌ವಿ ಮಾಡ್ಯೂಲ್ ಬಳಸುವವರು ಫೈಲ್ ತೆರೆಯುವಾಗ ನ್ಯೂಲೈನ್ ಆಯ್ಕೆಗೆ ಖಾಲಿ ಸ್ಟ್ರಿಂಗ್ ಕೊಡಿ, ಇಲ್ಲವಾದರೆ ವಿಂಡೋಸಿನಲ್ಲಿ ಬರೆದ ಫೈಲಿನ ಸಾಲುಸಾಲಿನ ನಡುವೆ ಖಾಲಿ ಸಾಲು ಬೀಳುತ್ತದೆ.

ನಡುವೆ ಯಾರಾದರೂ ಫೈಲನ್ನು ಎಕ್ಸೆಲಿನಲ್ಲಿ ತೆರೆದು ಉಳಿಸಿದ್ದರೆ ಬೇರೆಯದೇ ಕಷ್ಟ. 0047 ಹೋಗಿ 47 ಆಗಿರುತ್ತದೆ. 16 ಅಂಕಿಯ ಖಾತೆ ನಂಬರಿನ ಕೊನೆಯ ಅಂಕಿ ಸೊನ್ನೆಯಾಗಿರುತ್ತದೆ, ಏಕೆಂದರೆ ಅದು ಇಟ್ಟುಕೊಳ್ಳುವುದು 15 ಅಂಕಿ ಮಾತ್ರ. 12 ಅಂಕಿಯ ನಂಬರು 1.23457ಇ+11 ಎಂದು ಕಾಣುತ್ತದೆ. ಸಿಎಸ್‌ವಿಗೆ ಉಳಿಸಿದರೆ ಆ ಕಂಡದ್ದೇ ಉಳಿಯುತ್ತದೆ, ಮೂಲ ಮತ್ತೆ ಸಿಗುವುದಿಲ್ಲ. ಜಮೀನಿನ ಸರ್ವೆ ನಂಬರು 12/3 ನಮ್ಮ ಕಂಪ್ಯೂಟರಿನಲ್ಲಿ ಮಾರ್ಚ್ 12 ಆಗುತ್ತದೆ, ಅಮೆರಿಕದ ಸೆಟ್ಟಿಂಗ್ ಇದ್ದರೆ ಡಿಸೆಂಬರ್ 3. ಹಾಗಾಗಿ ಎಕ್ಸೆಲಿನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆಯದೆ, ಡೇಟಾ ಮೆನುವಿನಿಂದ ತಂದು ಆ ಕಾಲಂಗಳನ್ನು ಟೆಕ್ಸ್ಟ್ ಎಂದು ಗುರುತು ಮಾಡಬೇಕು. ಎಕ್ಸೆಲ್ ಯುಟಿಎಫ್-8 ಸಿಎಸ್‌ವಿಯಾಗಿ ಉಳಿಸುವಾಗ ಫೈಲಿನ ತಲೆಗೆ ಮೂರು ಬೈಟಿನ ಬಿಒಎಂ ಗುರುತು ಹಾಕುತ್ತದೆ. ಅದನ್ನು ತೆಗೆಯದಿದ್ದರೆ ಮೊದಲ ಕಾಲಂನ ಹೆಸರಿನ ಮುಂದೆ ಕಾಣದ ಗುರುತು ಅಂಟಿ, ‘ಸದಸ್ಯ’ ಎಂಬ ಕಾಲಂ ಕಣ್ಣೆದುರೇ ಇದ್ದರೂ ಪ್ರೋಗ್ರಾಮ್ ಇಲ್ಲ ಅನ್ನುತ್ತದೆ.

ಅಳತೆಯ ಬಗ್ಗೆ ಒಂದು ಮಾತು. ಇಲ್ಲಿನ ಟೊಮೆಟೊ ಮಂಡಿಯಲ್ಲಿ ದರ ಕೂಗುವುದು 15 ಕೆಜಿ ಬಾಕ್ಸಿಗೆ. ಸರ್ಕಾರದ ಮಾರುಕಟ್ಟೆ ದರದ ಜಾಲತಾಣ ಅಗ್‌ಮಾರ್ಕ್‌ನೆಟ್ ತೋರಿಸುವುದು ಕ್ವಿಂಟಾಲಿಗೆ. ಬಾಕ್ಸಿಗೆ 450 ಅಂದರೆ ಕ್ವಿಂಟಾಲಿಗೆ 3000. ಕಾಲಂನ ಹೆಸರು ಬರೀ ‘ದರ’ ಎಂದಿದ್ದರೆ 450, 3000 ಎರಡೂ ಅದರಲ್ಲಿ ನೆಮ್ಮದಿಯಾಗಿ ಕೂರುತ್ತವೆ. ಆಬ್ಜೆಕ್ಟಿನ ಫೀಲ್ಡಿನ ಹೆಸರಿನಲ್ಲೇ ಅಳತೆ ಇರಲಿ: ದರ_ಕ್ವಿಂಟಾಲಿಗೆ_ಪೈಸೆ.

ಇಷ್ಟೆಲ್ಲ ನಿಯಮ ಆಯಿತಲ್ಲ: ಅಗಲ, ಟೈಪ್, ಖಾಲಿಗೆ ಏನು, ತುಂಬುವುದು ಸೊನ್ನೆಯೋ ಜಾಗವೋ, ಎಡಕ್ಕೋ ಬಲಕ್ಕೋ. ಇವನ್ನು ಕೋಡಿನ ಉದ್ದಕ್ಕೂ ಚೆಲ್ಲದೆ ಒಂದೇ ಪಟ್ಟಿಯಲ್ಲಿ ಇಡಿ. ಜಾವಾದಲ್ಲಿ ಬೀನ್‌ಐಒ ಎಂಬ ಲೈಬ್ರರಿ ಇದನ್ನೇ ಮಾಡುತ್ತದೆ. ಎಕ್ಸ್‌ಎಂಎಲ್ ಫೈಲಿನಲ್ಲಿ ರೆಕಾರ್ಡ್, ಫೀಲ್ಡುಗಳನ್ನು ಒಮ್ಮೆ ಬರೆದರೆ ಓದಲೂ ಬರೆಯಲೂ ಅದೇ ಸಾಕು. ಸಾಲಿನ ಮೊದಲ ಅಂಕಿ ನೋಡಿ ಇದು ಯಾವ ರೆಕಾರ್ಡ್ ಎಂದು ಗುರುತಿಸಲೂ ಹೇಳಬಹುದು. ಡಾಟ್‌ನೆಟ್‌ನವರಿಗೆ ಫೈಲ್‌ಹೆಲ್ಪರ್ಸ್ ಇದೆ, ಅಲ್ಲಿ ಕ್ಲಾಸಿನ ಫೀಲ್ಡುಗಳ ತಲೆಯ ಮೇಲೆಯೇ ಅಗಲ ಬರೆಯುತ್ತೀರಿ. ಪೈಥಾನಿನಲ್ಲಾದರೆ ಡೇಟಾಕ್ಲಾಸ್ ಒಂದು, ಅದರ ಪಕ್ಕದಲ್ಲಿ ಪ್ರತಿ ಫೀಲ್ಡಿಗೆ ಅಗಲ, ಓದುವ ಫಂಕ್ಷನ್, ಬರೆಯುವ ಫಂಕ್ಷನ್ ಇರುವ ಪಟ್ಟಿ ಒಂದು. ಐವತ್ತು ಸಾಲಿಗಿಂತ ಹೆಚ್ಚು ಬೇಕಾಗುವುದಿಲ್ಲ.

ಫೈಲಿನಲ್ಲಿ ವಿವರದ ಸಾಲುಗಳಷ್ಟೇ ಇರುವುದಿಲ್ಲ. ತಲೆಯಲ್ಲಿ 1ರಿಂದ ಶುರುವಾಗುವ ಸಾಲು: ಸಂಘದ ಕೋಡ್, ತಾರೀಖು, ಲೇಔಟಿನ ಆವೃತ್ತಿ. ಬುಡದಲ್ಲಿ 9ರಿಂದ ಶುರುವಾಗುವ ಸಾಲು: ಎಷ್ಟು ವಿವರ, ಒಟ್ಟು ಎಷ್ಟು ಪೈಸೆ. ಆಬ್ಜೆಕ್ಟಿನ ಲೋಕದಲ್ಲಿ ಇದು ಒಂದು ಸಂಘ, ಅದರೊಳಗೆ ಸದಸ್ಯರು, ಒಬ್ಬೊಬ್ಬ ಸದಸ್ಯರ ಕೆಳಗೆ ಹಲವು ಹೊತ್ತಿನ ಹಾಲು. 0047 ಬೆಳಗ್ಗೆಯೂ ಸಂಜೆಯೂ ಬಂದರೆ ಇಬ್ಬರು ಸದಸ್ಯರನ್ನು ಸೃಷ್ಟಿಸಬೇಡಿ. ನಂಬರನ್ನು ಕೀಲಿಯಾಗಿಟ್ಟು ಇದ್ದವರನ್ನೇ ಹುಡುಕಿ. ಪ್ರತಿ ಆಬ್ಜೆಕ್ಟಿಗೂ ಅದು ಬಂದ ಸಾಲಿನ ನಂಬರನ್ನು ಕೊಟ್ಟಿಡಿ. ವಾಪಸ್ ಬರೆಯುವಾಗ ಅದೇ ಅನುಕ್ರಮ ಬೇಕು, ತಪ್ಪು ಹುಡುಕುವಾಗಲೂ ಬೇಕು. ಕೆಟ್ಟ ಸಾಲು ಸಿಕ್ಕರೆ ಅಲ್ಲೇ ನಿಂತುಬಿಡುವುದೂ ತಪ್ಪು, ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುವುದು ಅದಕ್ಕಿಂತ ದೊಡ್ಡ ತಪ್ಪು. ಸಾಲಿನ ನಂಬರು, ಸಾಲು ಇದ್ದ ಹಾಗೇ, ಕಾರಣ, ಈ ಮೂರನ್ನೂ ಬೇರೆ ಫೈಲಿಗೆ ಬರೆದು ಉಳಿದದ್ದನ್ನು ಓದುತ್ತಾ ಹೋಗಿ. ಬುಡದ ಸಾಲಿನ ಎಣಿಕೆ ಅಥವಾ ಮೊತ್ತ ತಾಳೆಯಾಗದಿದ್ದರೆ ಇಡೀ ಫೈಲನ್ನು ಬಟವಾಡೆಗೆ ಬಿಡಬೇಡಿ.

ಬರೆಯುವ ದಿಕ್ಕಿನಲ್ಲಿ ಜನ ಮರೆಯುವುದು ಅಗಲ ಮೀರುವುದನ್ನು. ಮೊತ್ತಕ್ಕೆ ಆರು ಕಾಲಂ, ಅಂದರೆ ಹೆಚ್ಚೆಂದರೆ 9,999 ರೂಪಾಯಿ 99 ಪೈಸೆ. ಒಂದು ಹೊತ್ತಿನ ಹಾಲಿಗೆ ಧಾರಾಳ. ಇದೇ ಲೇಔಟನ್ನು ನಾಳೆ ಬಟವಾಡೆಯ ಒಟ್ಟು ಮೊತ್ತಕ್ಕೆ ಬಳಸಿದರೆ ಹತ್ತು ಸಾವಿರ ಬಂದ ಕೂಡಲೇ ಏಳು ಅಂಕಿ. ಸೊನ್ನೆ ತುಂಬುವ ಫಂಕ್ಷನ್‌ಗಳು ಕಡಿಮೆಯಿದ್ದರೆ ತುಂಬುತ್ತವೆ, ಹೆಚ್ಚಾದರೆ ತಡೆಯುವುದಿಲ್ಲ. ಸಾಲು 32 ಆಗುತ್ತದೆ. ಮೊತ್ತ ನಡುವಿನ ಫೀಲ್ಡಾಗಿದ್ದರೆ ಅದರ ಬಲಕ್ಕಿರುವುದೆಲ್ಲ ಒಂದೊಂದು ಕಾಲಂ ಸರಿಯುತ್ತದೆ. ಮೀರಿದರೆ ಕತ್ತರಿಸಲೂ ಬೇಡಿ, ಹಾಗೇ ಬರೆಯಲೂ ಬೇಡಿ. ತಪ್ಪೆಂದು ಹೇಳಿ ನಿಲ್ಲಿಸಿ.

ಪರೀಕ್ಷೆ ಹೇಗೆ ಅಂದರೆ, ನಿಜವಾದ ಒಂದು ಫೈಲನ್ನು ಓದಿ, ಆಬ್ಜೆಕ್ಟ್ ಮಾಡಿ, ಏನೂ ಮುಟ್ಟದೆ ಇನ್ನೊಂದು ಫೈಲಿಗೆ ಬರೆಯಿರಿ. ಎರಡನ್ನೂ ಬೈಟ್ ಬೈಟ್ ಹೋಲಿಸಿ. ನಾನು ಇಲ್ಲಿಯವರೆಗೆ ಹೇಳಿದ ತಪ್ಪುಗಳಲ್ಲಿ ಬಹುಪಾಲು ಈ ಒಂದು ಪರೀಕ್ಷೆಗೆ ಸಿಕ್ಕಿಬೀಳುತ್ತವೆ: ಹೋದ ಸೊನ್ನೆ, 000 ಆದ ಖಾಲಿ, ಮಾರ್ಚ್ 2 ಆದ ಫೆಬ್ರವರಿ. ಸಿಗದೆ ಉಳಿಯುವುದು ಕಾಲಂ ಜಾರಿದ್ದು, ಏಕೆಂದರೆ ಅಗಲದ ಪಟ್ಟಿ ಒಂದೇ ಆದ್ದರಿಂದ ಜಾರಿ ಓದಿದ್ದನ್ನು ಜಾರಿಯೇ ಬರೆಯುತ್ತದೆ. ಅದಕ್ಕೆ ಡೇರಿಯ ಪುಸ್ತಕದಿಂದ ಹತ್ತು ಸಾಲು ಆರಿಸಿ, ಲೀಟರ್, ಫ್ಯಾಟ್, ಮೊತ್ತಗಳನ್ನು ಆಬ್ಜೆಕ್ಟಿನಲ್ಲಿರುವುದರ ಜೊತೆ ಕಣ್ಣಲ್ಲೇ ಹೋಲಿಸಬೇಕು. ಎನ್‌ಎಫ್‌ಸಿಗೆ ತಂದ ಕನ್ನಡ ಹೆಸರುಗಳಿದ್ದರೆ ಮೊದಲ ಸಲ ಬೈಟುಗಳು ಬೇರೆಯಾಗುವುದು ಸಹಜ. ಆಗ ಬರೆದ ಫೈಲನ್ನೇ ಮತ್ತೆ ಓದಿ ಮತ್ತೆ ಬರೆಯಿರಿ, ಎರಡನೇ ಸಲ ಒಂದು ಬೈಟೂ ಬದಲಾಗಬಾರದು.

ಬರೆದ ಫೈಲನ್ನು ಕಳಿಸುವ ಫೋಲ್ಡರಿನಲ್ಲಿ ನೇರವಾಗಿ ಬರೆಯಬೇಡಿ. ಆ ಕಡೆಯವರು ಅರ್ಧ ಬರೆದಿರುವಾಗಲೇ ಎತ್ತಿಕೊಂಡುಬಿಡುತ್ತಾರೆ. ಅದೇ ಡಿಸ್ಕಿನಲ್ಲಿ ಬೇರೆ ಹೆಸರಲ್ಲಿ ಪೂರ್ತಿ ಬರೆದು, ಮುಚ್ಚಿ, ಕೊನೆಗೆ ಹೆಸರು ಬದಲಾಯಿಸಿ. ಮತ್ತೆ, ಡೇರಿಗೆ ಹಾಲೇ ಬಾರದ ದಿನವೂ ಫೈಲ್ ಹೋಗಬೇಕು. ತಲೆಯ ಸಾಲು ಒಂದು, ಅದರ ಕೆಳಗೆ ನೇರವಾಗಿ ಬುಡದ ಸಾಲು:

900000000000000

ಐದು ಸೊನ್ನೆ ಎಣಿಕೆಗೆ, ಒಂಬತ್ತು ಸೊನ್ನೆ ಮೊತ್ತಕ್ಕೆ. ಇದನ್ನು ಕಂಡವರಿಗೆ ಆ ದಿನ ಹಾಲು ಬಂದಿಲ್ಲ ಎಂದು ಗೊತ್ತಾಗುತ್ತದೆ. ಫೈಲೇ ಬಾರದಿದ್ದರೆ ಹಾಲು ಬಂದಿಲ್ಲವೋ ಫೈಲ್ ಬಂದಿಲ್ಲವೋ ಎಂದು ತಿಳಿಯಲು ಯಾರಾದರೂ ಡೇರಿಗೆ ಫೋನ್ ಮಾಡಬೇಕಾಗುತ್ತದೆ.